ಐರ್ಲೆಂಡಿನ ಕಾರ್ಮಿಕ ಧುರೀಣ ಜಿಮ್ ಲಾರ್ಕಿನ್



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿ ಹಬ್ಬ ಆಚರಿಸಿಕೊಳ್ಳುತ್ತಿರುವುದು ನಮಗೆಲ್ಲರಿಗೂ ಹೆಮ್ಮೆಯ ವಿಷಯ. ಈ ಸ್ಮರಣ ಸಂಚಿಕೆಗೆ ಯಾರಾದರೂ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ನಾವು ಆರಿಸಿಕೊಂಡ ಹೆಸರು ಜೇಮ್ಸ್ ಲಾರ್ಕಿನ್. ನಮ್ಮೂರಿನಲ್ಲಿ ಈ ಹೆಸರು ಕೇಳಿದವರು ಕಡಿಮೆ. ಐರ್ಲೆಂಡ್ ದೇಶದಲ್ಲಿ ಮಾತ್ರ ದೊಡ್ಡ ಜಿಮ್ ಎಂದರೆ ಗೊತ್ತಿಲ್ಲದವರಿಲ್ಲ.

ಇವರು ಸಹಕಾರಿ ಧುರೀಣರಲ್ಲ, ರೈತರೂ ಅಲ್ಲ. ಬಂದರಿನಲ್ಲಿ ಮೂಟೆ ಹೊತ್ತವರು. ಹಾಗಿದ್ದ ಮೇಲೆ ಡೈರಿಯ ಸಂಚಿಕೆಯಲ್ಲಿ ಇವರ ಕಥೆ ಯಾಕಪ್ಪಾ ಎಂದು ನೀವು ಕೇಳಬಹುದು. ಎರಡು ಕಾರಣವಿದೆ. ಇವರ ಜೀವನದ ಬಹು ದೊಡ್ಡ ಹೋರಾಟದಲ್ಲಿ ಹಸಿದವರ ಮನೆಗೆ ತಲುಪಿದ್ದು ಒಂದು ಸಹಕಾರ ಸಂಘ ಕಟ್ಟಿಕೊಟ್ಟ ದವಸ. ಇದು ಒಂದು. ಸಂಘ ಕಟ್ಟುವುದು ಹೇಗೆ ಎಂಬುದನ್ನೂ, ಕಟ್ಟಿದ ಸಂಘ ಒಡೆಯುವುದು ಹೇಗೆ ಎಂಬುದನ್ನೂ ಈ ಒಬ್ಬ ಮನುಷ್ಯನ ಬಾಳಿನಲ್ಲೇ ನೋಡಬಹುದು ಎಂಬುದು ಇನ್ನೊಂದು.

ಬಾಲ್ಯ ಮತ್ತು ದುಡಿಮೆ

ಐರ್ಲೆಂಡ್ ಎಂಬುದು ಇಂಗ್ಲೆಂಡಿನ ಪಶ್ಚಿಮಕ್ಕಿರುವ ದ್ವೀಪ. ನಮ್ಮ ದೇಶದ ಹಾಗೆಯೇ ಬ್ರಿಟಿಷರ ಆಳ್ವಿಕೆಯಲ್ಲಿ ನಲುಗಿದ ನಾಡು. 1845ರಿಂದ ಕೆಲವು ವರ್ಷ ಅಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಘೋರ ಬರಗಾಲ ಬಂತು. ಸುಮಾರು 10 ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ಊರು ಬಿಟ್ಟರು. ಆ ಮೇಲೂ ಹೊಟ್ಟೆಪಾಡಿಗಾಗಿ ಗುಳೆ ಹೋಗುವುದು ನಿಲ್ಲಲಿಲ್ಲ. ಹಾಗೆ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿಗೆ ಹೋಗಿ ನೆಲೆಸಿದ ಬಡ ಐರಿಷ್ ದಂಪತಿಗಳ ಮಗನಾಗಿ 1874ರ ಜನವರಿಯಲ್ಲಿ ಲಾರ್ಕಿನ್ ಹುಟ್ಟಿದರು.

ಏಳನೇ ವಯಸ್ಸಿಗೇ ಅರ್ಧ ದಿನ ಶಾಲೆ, ಅರ್ಧ ದಿನ ಕೂಲಿ. ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ತಂದೆ ಕ್ಷಯರೋಗದಿಂದ ತೀರಿಕೊಂಡರು. ತಂದೆ ದುಡಿಯುತ್ತಿದ್ದ ಕಾರ್ಖಾನೆಯಲ್ಲೇ ಹುಡುಗ ಕೆಲಸಕ್ಕೆ ನಿಂತ. ಅದೂ ಹೆಚ್ಚು ದಿನ ಉಳಿಯಲಿಲ್ಲ. ಸಿಕ್ಕ ಕೆಲಸ ಮಾಡಿಕೊಂಡು ಕೊನೆಗೆ ಬಂದರಿನಲ್ಲಿ ಹಡಗಿನ ಸರಕು ಇಳಿಸುವ ಹಮಾಲಿಯಾಗಿ, ನಿಯತ್ತಿನ ದುಡಿಮೆಯಿಂದ ಮೇಸ್ತ್ರಿಯ ಸ್ಥಾನಕ್ಕೆ ಏರಿದರು. 1903ರಲ್ಲಿ ಎಲಿಜಬೆತ್ ಬ್ರೌನ್ ಎಂಬುವವರನ್ನು ಮದುವೆಯಾದರು. ನಾಲ್ಕು ಗಂಡು ಮಕ್ಕಳಾದರು. ಇವರು ಕುಡಿತದ ಹತ್ತಿರಕ್ಕೂ ಹೋದವರಲ್ಲ.

1905ರಲ್ಲಿ ಆ ಬಂದರಿನ ಕೂಲಿಗಳು ಮುಷ್ಕರ ಹೂಡಿದರು. ಮೇಸ್ತ್ರಿಗಳಾದವರು ಸಾಮಾನ್ಯವಾಗಿ ಮಾಲೀಕರ ಕಡೆ ನಿಲ್ಲುವುದು ರೂಢಿ. ಲಾರ್ಕಿನ್ ಕೂಲಿಗಳ ಕಡೆ ನಿಂತರು. ಮುಷ್ಕರ ಸೋತಿತು, ಮೇಸ್ತ್ರಿ ಕೆಲಸವೂ ಹೋಯಿತು. ಆದರೆ ಇವರ ಗಂಟಲಿನ ಶಕ್ತಿ, ಜನರನ್ನು ಸೇರಿಸುವ ಶಕ್ತಿ ಎರಡನ್ನೂ ಕಂಡ ಬಂದರು ಕಾರ್ಮಿಕರ ಯೂನಿಯನ್ ಇವರನ್ನು ತನ್ನ ಸಂಘಟಕರನ್ನಾಗಿ ನೇಮಿಸಿಕೊಂಡಿತು.

ಬೆಲ್‌ಫಾಸ್ಟಿನಿಂದ ಡಬ್ಲಿನ್‌ಗೆ

1907ರ ಜನವರಿಯಲ್ಲಿ ಯೂನಿಯನ್‌ನವರು ಇವರನ್ನು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಪಟ್ಟಣಕ್ಕೆ ಕಳಿಸಿದರು. ಅಲ್ಲಿ ಪ್ರಾಟೆಸ್ಟೆಂಟರು, ಕ್ಯಾಥೋಲಿಕ್ಕರು ಎಂಬ ಎರಡು ಪಂಗಡ. ಒಂದೇ ಏಸುವನ್ನು ಪೂಜಿಸುವವರಾದರೂ ಒಬ್ಬರ ಕೇರಿಗೆ ಒಬ್ಬರು ಕಾಲಿಡದಷ್ಟು ವೈರ. ಮಾಲೀಕರಿಗೆ ಇದೇ ಅನುಕೂಲ. ಒಂದು ಪಂಗಡ ಕೂಲಿ ಜಾಸ್ತಿ ಕೇಳಿದರೆ ಇನ್ನೊಂದು ಪಂಗಡವನ್ನು ತಂದು ನಿಲ್ಲಿಸುವುದು. ಲಾರ್ಕಿನ್ ಈ ಎರಡು ಪಂಗಡದ ಹಮಾಲರನ್ನೂ, ಗಾಡಿ ಹೊಡೆಯುವವರನ್ನೂ ಒಂದೇ ಮುಷ್ಕರದಲ್ಲಿ ನಿಲ್ಲಿಸಿದರು. ಸಂಬಳ ಸಾಲದೆಂದು ಪೊಲೀಸರಲ್ಲೇ ಕೆಲವರು ತಿರುಗಿಬಿದ್ದರು. ಸರ್ಕಾರ ಸೈನ್ಯ ಕರೆಸಿತು. ಆಗಸ್ಟ್ ತಿಂಗಳಲ್ಲಿ ಸೈನಿಕರ ಗುಂಡಿಗೆ ಇಬ್ಬರು ಬಲಿಯಾದರು. ಕೊನೆಗೆ ಯೂನಿಯನ್ನಿನ ಮುಖ್ಯಸ್ಥ ಜೇಮ್ಸ್ ಸೆಕ್ಸ್‌ಟನ್ ಇಂಗ್ಲೆಂಡಿನಿಂದ ಬಂದು ಮಾಲೀಕರ ಜೊತೆ ರಾಜಿ ಮಾಡಿಕೊಂಡರು. ಮುಷ್ಕರ ನೀರಿನಲ್ಲಿ ಹೋಮ ಮಾಡಿದಂತಾಯಿತು.

ಐರ್ಲೆಂಡಿನ ಕೂಲಿಯ ಹಣೆಬರಹವನ್ನು ಇಂಗ್ಲೆಂಡಿನಲ್ಲಿ ಕುಳಿತವರು ಬರೆಯುವಂತಿದ್ದರೆ ಆಗದು ಎಂಬುದು ಲಾರ್ಕಿನ್‌ಗೆ ಆಗ ಮನದಟ್ಟಾಯಿತು. ರಾಜಧಾನಿ ಡಬ್ಲಿನ್‌ಗೆ ಬಂದು ಅಲ್ಲೂ ಮುಷ್ಕರಗಳನ್ನು ನಡೆಸಿದರು. ಹಳೆಯ ಯೂನಿಯನ್ ಇವರನ್ನು ಅಮಾನತು ಮಾಡಿತು. 1908ರ ಕೊನೆಯ ದಿನಗಳಲ್ಲಿ ಐರಿಷರದ್ದೇ ಆದ ಐರಿಷ್ ಸಾರಿಗೆ ಮತ್ತು ಸಾಮಾನ್ಯ ಕಾರ್ಮಿಕರ ಯೂನಿಯನ್ ಹುಟ್ಟಿತು. ಲಾರ್ಕಿನ್ ಅದರ ಪ್ರಧಾನ ಕಾರ್ಯದರ್ಶಿ.

ಆ ಕಾಲದ ಡಬ್ಲಿನ್ ಸ್ಥಿತಿ ಹೇಳತೀರದು. ಸುಮಾರು 20,000 ಸಂಸಾರಗಳು ತಲಾ ಒಂದೊಂದೇ ಕೋಣೆಯಲ್ಲಿ ಬಾಳುತ್ತಿದ್ದವು. ಅಡಿಗೆ, ಊಟ, ನಿದ್ರೆ, ಬಾಣಂತನ, ಸಾವು ಎಲ್ಲವೂ ಅಲ್ಲೇ. ನಗರಸಭೆಯ ಸದಸ್ಯರಲ್ಲೇ ಕೆಲವರು ಇಂಥ ಮುರುಕಲು ಮನೆಗಳ ಮಾಲೀಕರಾಗಿ ಬಾಡಿಗೆ ವಸೂಲು ಮಾಡುತ್ತಿದ್ದರು. ಬಂದರಿನ ಕೂಲಿಗಳಿಗೆ ಹೆಂಡದಂಗಡಿಯಲ್ಲಿ ಕೂಲಿ ಬಟವಾಡೆ ಮಾಡುವ ಪದ್ಧತಿಯಿತ್ತು. ಕೂಲಿ ಕೈಗೆ ಬರುವ ಮೊದಲೇ ಅರ್ಧ ಹೆಂಡಕ್ಕೆ ಹೋಗುತ್ತಿತ್ತು. ಈ ಪದ್ಧತಿ ತಪ್ಪಿಸಿದ್ದು ಲಾರ್ಕಿನ್. ನಮ್ಮ ದೃಷ್ಟಿಯಲ್ಲಿ ಇವರು ಬೇರೇನೂ ಮಾಡದಿದ್ದರೂ ಇದೊಂದೇ ಕೆಲಸಕ್ಕೆ ಹೆಂಗಸರು, ಮಕ್ಕಳು ಕೈಮುಗಿಯಬೇಕು.

1911ರಲ್ಲಿ ಐರಿಷ್ ವರ್ಕರ್ ಎಂಬ ವಾರಪತ್ರಿಕೆ ಶುರುಮಾಡಿದರು. ಅದೇ ವರ್ಷ ಹೆಂಗಸರಿಗೆ ಬೇರೆ ಯೂನಿಯನ್ ಆಗಿ, ತಂಗಿ ಡೀಲಿಯಾ ಅದರ ಕಾರ್ಯದರ್ಶಿಯಾದರು. 1912ರಲ್ಲಿ ಲಾರ್ಕಿನ್ ಮತ್ತು ಜೇಮ್ಸ್ ಕಾನಲಿ ಮೊದಲಾದವರು ಸೇರಿ ಐರಿಷ್ ಲೇಬರ್ ಪಕ್ಷಕ್ಕೆ ತಳಹದಿ ಹಾಕಿದರು. ಯೂನಿಯನ್ನಿಗೆ ಲಿಬರ್ಟಿ ಹಾಲ್ ಎಂಬ ಸ್ವಂತ ನೆಲೆಯಾಯಿತು.

ಒಂದು ಲೆಕ್ಕದ ತಪ್ಪು

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. 1908ರಲ್ಲಿ ಕಾರ್ಕ್ ಪಟ್ಟಣದ ಹಮಾಲರಿಂದ ಹಳೆಯ ಯೂನಿಯನ್ನಿನ ಹೆಸರಿನಲ್ಲಿ ಎತ್ತಿದ ಹಣವನ್ನು ಡಬ್ಲಿನ್ ಮುಷ್ಕರಗಾರರ ಖರ್ಚಿಗೆ ಬಳಸಲಾಗಿತ್ತು. ಲಾರ್ಕಿನ್ ತಮ್ಮ ಮನೆಗೆ ಒಂದು ಕಾಸೂ ಒಯ್ದವರಲ್ಲ. ಆದರೆ ಒಂದು ಊರಿನವರ ಹಣ ಇನ್ನೊಂದು ಊರಿಗೆ ಹೋಗಿತ್ತು. ಮೊಕದ್ದಮೆಯಾಗಿ 1910ರಲ್ಲಿ ಒಂದು ವರ್ಷದ ಕಠಿಣ ಶಿಕ್ಷೆ ಆಯಿತು. ಇದು ಅನ್ಯಾಯವೆಂದು ಜನ ಮನವಿ ಸಲ್ಲಿಸಿದ್ದರಿಂದ ಕೆಲವು ತಿಂಗಳಿಗೇ ಬಿಡುಗಡೆಯಾದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1912ರ ಜನವರಿಯಲ್ಲಿ ಡಬ್ಲಿನ್ ನಗರಸಭೆಗೆ ಚುನಾವಣೆ ನಡೆದು ಲಾರ್ಕಿನ್ ಗೆದ್ದರು. ಆದರೆ ಶಿಕ್ಷೆಯಾದವರು ಸದಸ್ಯರಾಗುವಂತಿಲ್ಲ ಎಂಬ ಕಾನೂನು ತೋರಿಸಿ ಅವರ ಸ್ಥಾನ ಕಿತ್ತುಕೊಂಡರು. ಬಡವರ ಮನೆಗಳ ಬಗ್ಗೆ ಮಾತಾಡಬೇಕಾದ ಜಾಗದಲ್ಲಿ ಬಡವರ ಪರವಾಗಿ ಇದ್ದ ಗಟ್ಟಿ ದನಿಯೇ ಹೋಯಿತು. ಮನಸ್ಸು ಶುದ್ಧವಿದ್ದರೆ ಸಾಲದು, ರಸೀತಿ ಪುಸ್ತಕವೂ ಶುದ್ಧವಿರಬೇಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

1913ರ ಬೀಗಮುದ್ರೆ

ಡಬ್ಲಿನ್ನಿನ ದೊಡ್ಡ ಧಣಿ ವಿಲಿಯಂ ಮಾರ್ಟಿನ್ ಮರ್ಫಿ. ಟ್ರಾಂ ಕಂಪನಿ, ದಿನಪತ್ರಿಕೆ, ಬಟ್ಟೆ ಮಳಿಗೆ, ಇಂಪೀರಿಯಲ್ ಹೋಟೆಲು ಎಲ್ಲವೂ ಇವರ ಕೈಯಲ್ಲಿ. ಈತ ಬ್ರಿಟಿಷರವನಲ್ಲ. ಐರಿಷ್ ರಾಷ್ಟ್ರೀಯ ಪಕ್ಷದಿಂದ ಪಾರ್ಲಿಮೆಂಟಿಗೆ ಹೋಗಿದ್ದವರು, ಬ್ರಿಟಿಷ್ ದೊರೆ ಕೊಡಲು ಬಂದ ಸರ್ ಪದವಿಯನ್ನು ಬೇಡವೆಂದವರು. ದೇಶಕ್ಕೆ ಸ್ವಾತಂತ್ರ್ಯ ಬೇಕೆನ್ನುವವರೇ ಆಳಿಗೆ ಸ್ವಾತಂತ್ರ್ಯ ಕೊಡಲೊಲ್ಲರು ಅನ್ನೋ ಮಾತಿಗೆ ಮರ್ಫಿಯವರೇ ಸಾಕ್ಷಿ. ಲಾರ್ಕಿನ್ ಯೂನಿಯನ್ನಿಗೆ ಸೇರಿದ ನೌಕರರನ್ನು ಅವರು ಕೆಲಸದಿಂದ ತೆಗೆಯತೊಡಗಿದರು.

1913ರ ಆಗಸ್ಟ್ 26ರಂದು ಬೆಳಿಗ್ಗೆ ಟ್ರಾಂ ನೌಕರರು ಗಾಡಿಗಳನ್ನು ಬೀದಿಯಲ್ಲೇ ನಿಲ್ಲಿಸಿ ಇಳಿದುಹೋದರು. ಸರ್ಕಾರ ಸಭೆಗಳನ್ನು ನಿಷೇಧಿಸಿತು. ಆದರೂ ಭಾನುವಾರ ಆಗಸ್ಟ್ 31ರಂದು ದೊಡ್ಡ ಬೀದಿಯಲ್ಲಿ ಮಾತಾಡಿಯೇ ತೀರುತ್ತೇನೆಂದು ಲಾರ್ಕಿನ್ ಸಾರಿದ್ದರು. ಪೊಲೀಸರು ಎಲ್ಲೆಡೆ ಕಾವಲು. ಒಬ್ಬ ಗಡ್ಡದ ಮುದುಕ ಪಾದ್ರಿ ಮೆಲ್ಲಗೆ ಇಂಪೀರಿಯಲ್ ಹೋಟೆಲಿನ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮೇಲಿನ ಕಿಟಕಿಯಲ್ಲಿ ನಿಂತು ಮಾತು ಶುರುಮಾಡಿದರು. ಅವರೇ ಲಾರ್ಕಿನ್! ಮರ್ಫಿಯವರದ್ದೇ ಹೋಟೆಲಿನಿಂದ ಮರ್ಫಿಯವರ ವಿರುದ್ಧ ಭಾಷಣ. ಕೂಡಲೇ ಅವರನ್ನು ಬಂಧಿಸಿದರು. ಬೀದಿಯಲ್ಲಿದ್ದ ಜನರ ಮೇಲೆ ಲಾಠಿ ಬೀಸಿದರು. ನೂರಾರು ಜನ ಗಾಯಗೊಂಡರು. ಆ ಎರಡು ದಿನಗಳ ಲಾಠಿ ಏಟಿಗೆ ಜೇಮ್ಸ್ ನೋಲನ್, ಜಾನ್ ಬರ್ನ್ ಎಂಬ ಇಬ್ಬರು ಜೀವ ಬಿಟ್ಟರು.

ಸೆಪ್ಟೆಂಬರ್ 2ರಂದು ಚರ್ಚ್ ಸ್ಟ್ರೀಟಿನಲ್ಲಿ ಬಡವರು ಬಾಡಿಗೆಗಿದ್ದ ಮನೆಗಳು ಕುಸಿದು ಏಳು ಜನ ಸತ್ತರು. ಅವರಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ, ಯೂನಿಯನ್ ಸೇರಿದ ತಪ್ಪಿಗೆ ಬಿಸ್ಕತ್ತು ಕಾರ್ಖಾನೆಯಿಂದ ಹೊರಬಿದ್ದವನು. ಪುಟ್ಟ ತಂಗಿಯನ್ನು ಉಳಿಸಲು ಹೋಗಿ ಮಣ್ಣಿನಡಿ ಸಿಕ್ಕಿಕೊಂಡ. ಮರುದಿನವೇ ಸುಮಾರು 400 ಮಾಲೀಕರು ಸಭೆ ಸೇರಿ, ಲಾರ್ಕಿನ್ ಯೂನಿಯನ್ನಿನಲ್ಲಿ ಇರುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡದ ಯಾರಿಗೂ ಕೆಲಸವಿಲ್ಲವೆಂದು ತೀರ್ಮಾನಿಸಿದರು. ಇದೇ ಡಬ್ಲಿನ್ ಬೀಗಮುದ್ರೆ. ಸುಮಾರು 20,000 ಕೆಲಸಗಾರರು ಬೀದಿಗೆ ಬಿದ್ದರು. ಅವರನ್ನು ನಂಬಿಕೊಂಡ ಹೆಂಡತಿ ಮಕ್ಕಳು ಮುದುಕರು ಇನ್ನೂ ಹಲವು ಪಟ್ಟು. ಯೂನಿಯನ್ನಿಗೆ ಸೇರದಿದ್ದವರೂ ಎಷ್ಟೋ ಮಂದಿ, ಮುಚ್ಚಳಿಕೆ ಬರೆಯುವುದು ಮಾನಗೇಡು ಎಂದು ಕೆಲಸ ಬಿಟ್ಟರು.

ಸಹಕಾರ ಸಂಘದ ಹಡಗು

ಈಗ ನಾವು ಮೊದಲು ಹೇಳಿದ ವಿಷಯಕ್ಕೆ ಬರುತ್ತೇವೆ. ಮಾಲೀಕರ ಲೆಕ್ಕಾಚಾರ ಸರಳ. ನಾಲ್ಕು ವಾರ ಒಲೆ ಉರಿಯದಿದ್ದರೆ ಕೂಲಿಗಳು ತಾವಾಗಿಯೇ ಬಂದು ಸಹಿ ಹಾಕುತ್ತಾರೆ ಎಂಬುದು. ಸೆಪ್ಟೆಂಬರ್ 27ರಂದು ಹೇರ್ ಎಂಬ ಹೆಸರಿನ ಹಡಗು ಇಂಗ್ಲೆಂಡಿನಿಂದ ಡಬ್ಲಿನ್ ನದಿಯೊಳಗೆ ಬಂತು. ದಂಡೆಯ ಉದ್ದಕ್ಕೂ ಜನವೋ ಜನ. ಅದರ ತುಂಬ ಆಲೂಗಡ್ಡೆ, ಬ್ರೆಡ್ಡು, ಬೆಣ್ಣೆ, ಸಕ್ಕರೆ, ಚಹಾ. ದುಡ್ಡು ಬ್ರಿಟನ್ನಿನ ಕಾರ್ಮಿಕ ಸಂಘಗಳದ್ದು. ಆದರೆ ಅಷ್ಟು ಸಾಮಾನನ್ನು ಕೆಲವೇ ದಿನಗಳಲ್ಲಿ ಹೊಂದಿಸಿ, ಮನೆಮನೆಗೆ ಹಂಚುವಂತೆ ಪೊಟ್ಟಣ ಕಟ್ಟಿ, ಹಡಗಿಗೆ ತುಂಬಿಸಿ ಕಳಿಸಿದ್ದು ಮ್ಯಾಂಚೆಸ್ಟರಿನ ಸಹಕಾರಿ ಸಗಟು ಸಂಘ. ಇಂಗ್ಲೆಂಡಿನ ಹಳ್ಳಿ ಪಟ್ಟಣಗಳ ಸಹಕಾರಿ ಅಂಗಡಿಗಳೆಲ್ಲ ಸೇರಿ 1863ರಲ್ಲಿ ಕಟ್ಟಿಕೊಂಡ ಸಂಘವದು. ಶೇರು ಹಾಕಿದ್ದ ಬಡ ನೇಕಾರರು, ಗಣಿ ಕೂಲಿಗಳು ಅಂದು ಕೂಡಿಟ್ಟ ಪುಡಿಗಾಸು, ಐವತ್ತು ವರ್ಷದ ಮೇಲೆ ಸಮುದ್ರದಾಚೆಯ ಕೂಲಿಯ ಮನೆಯಲ್ಲಿ ಒಲೆ ಹಚ್ಚಿಸಿತು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ಚೀಟಿ ಹಿಡಿದು ಬಂದವರಿಗೆ ಪೊಟ್ಟಣ ಕೊಟ್ಟರು. ಲಿಬರ್ಟಿ ಹಾಲಿನಲ್ಲಿ ಗಂಜಿ ಕೇಂದ್ರದಂತೆ ಅಡಿಗೆ ಮನೆ ತೆರೆದರು. ಡೀಲಿಯಾ ಲಾರ್ಕಿನ್ ಮತ್ತು ಶ್ರೀಮಂತ ಮನೆತನದ ಕಾನ್‌ಸ್ಟೆನ್ಸ್ ಮಾರ್ಕಿಯೆವಿಚ್ ಅವರು ಅಲ್ಲಿ ಸೌಟು ಹಿಡಿದು ನಿಂತರು.

ಇನ್ನೊಂದು ಸಹಕಾರಿ ದನಿಯನ್ನೂ ನೆನೆಯಬೇಕು. ಜಾರ್ಜ್ ರಸೆಲ್ ಎಂಬ ಕವಿ ಐರ್ಲೆಂಡಿನ ಹಳ್ಳಿಹಳ್ಳಿಗೆ ಸೈಕಲ್ ತುಳಿದು ರೈತರ ಹಾಲಿನ ಸಂಘಗಳನ್ನೂ ಸಾಲದ ಸಂಘಗಳನ್ನೂ ಕಟ್ಟಿಸಿದವರು. ಅಂದರೆ ನಮ್ಮ ಕಸುಬಿನವರೇ. ಅಕ್ಟೋಬರಿನಲ್ಲಿ ಅವರು ಪತ್ರಿಕೆಯಲ್ಲಿ ಡಬ್ಲಿನ್ ಧಣಿಗಳಿಗೆ ಬಹಿರಂಗ ಪತ್ರ ಬರೆದು, ಹಸಿವಿನಿಂದ ಜನರನ್ನು ಮಣಿಸಲು ಹೊರಟ ನಿಮ್ಮದು ಮನುಷ್ಯರ ಕೆಲಸವಲ್ಲವೆಂದು ಖಂಡಿಸಿದರು. ಈ ರಸೆಲ್ಲರ ಗೆಳೆಯ ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ ಮುಂದೆ ನಮ್ಮ ದೇಶಕ್ಕೆ ಬಂದರು. 1924ರಲ್ಲಿ ಮೈಸೂರಿನಲ್ಲಿ, ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ವಿದ್ಯಾರ್ಥಿ ಕುವೆಂಪು ಅವರಿಗೆ ತಾಯಿನುಡಿಯಲ್ಲಿ ಬರೆಯಿರೆಂದು ಬುದ್ಧಿ ಹೇಳಿದವರು ಇವರೇ. ಎಲ್ಲಿಯ ಐರ್ಲೆಂಡು, ಎಲ್ಲಿಯ ಕುಪ್ಪಳಿ!

ಹೋರಾಟದ ಕೊನೆ ಮಾತ್ರ ಸಿಹಿಯಾಗಲಿಲ್ಲ. ಅಕ್ಟೋಬರ್ ಕೊನೆಗೆ ಲಾರ್ಕಿನ್‌ಗೆ ಏಳು ತಿಂಗಳ ಸಜೆಯಾಯಿತು. ಜನರ ಕೂಗಿಗೆ ಸರ್ಕಾರ ಎರಡು ವಾರದಲ್ಲಿ ಬಿಟ್ಟಿತು. ಪೊಲೀಸರ ಏಟಿನಿಂದ ಕಾಪಾಡಿಕೊಳ್ಳಲು ನವೆಂಬರಿನಲ್ಲಿ ಐರಿಷ್ ನಾಗರಿಕ ಸೇನೆ ಹುಟ್ಟಿತು. ಲಾರ್ಕಿನ್ ಇಂಗ್ಲೆಂಡಿಗೆ ಹೋಗಿ ಊರೂರು ಸುತ್ತಿ, ನೀವೂ ನಮಗಾಗಿ ಮುಷ್ಕರ ಹೂಡಿ ಎಂದು ಕೇಳಿದರು. ಕೇಳುವ ಜೊತೆಗೆ ಅಲ್ಲಿನ ಮುಖಂಡರನ್ನು ಬಾಯಿಗೆ ಬಂದಂತೆ ಬೈದರು. ಅನ್ನ ಕಳಿಸಿದವರನ್ನೇ ಬೈದರೆ ಯಾರು ತಾನೆ ಸಹಿಸುತ್ತಾರೆ? ಡಿಸೆಂಬರ್ 9ರ ಸಭೆಯಲ್ಲಿ ಅವರು ಮುಷ್ಕರ ಹೂಡಲು ಒಪ್ಪಲಿಲ್ಲ. 1914ರ ಜನವರಿ, ಫೆಬ್ರವರಿಯಲ್ಲಿ ಕೂಲಿಗಳು ಒಬ್ಬೊಬ್ಬರಾಗಿ ತಲೆತಗ್ಗಿಸಿ ಕೆಲಸಕ್ಕೆ ಮರಳಿದರು. ಸೋತರು ನಿಜ. ಆದರೆ ಯೂನಿಯನ್ ಅಳಿಯಲಿಲ್ಲ. ಮಾಲೀಕರು ಅಳಿಸಬೇಕೆಂದಿದ್ದು ಅದನ್ನೇ ತಾನೆ?

ಅಮೆರಿಕ ಮತ್ತು ಒಡಕು

1914ರ ಅಕ್ಟೋಬರಿನಲ್ಲಿ ಲಾರ್ಕಿನ್ ಅಮೆರಿಕಕ್ಕೆ ಹೋದರು. ಬೇಗ ಬರುತ್ತೇನೆಂದು ಹೋದವರು ಬಂದದ್ದು ಎಂಟು ವರ್ಷದ ಮೇಲೆ. ಅತ್ತ ಅವರು ಮಹಾಯುದ್ಧದ ವಿರುದ್ಧ, ಐರ್ಲೆಂಡಿನ ಸ್ವಾತಂತ್ರ್ಯದ ಪರ ಭಾಷಣ ಮಾಡುತ್ತಿದ್ದಾಗ ಇತ್ತ 1916ರ ಏಪ್ರಿಲಿನಲ್ಲಿ ಡಬ್ಲಿನ್ ದಂಗೆ ಎದ್ದಿತು. ನಾಗರಿಕ ಸೇನೆಯನ್ನು ಕಾನಲಿ ನಡೆಸಿದರು. ಲಾರ್ಕಿನ್ ಮಾತಾಡಿದ್ದ ಅದೇ ಇಂಪೀರಿಯಲ್ ಹೋಟೆಲಿನ ಮೇಲೆ ಕಾರ್ಮಿಕರ ಬಾವುಟ ಹಾರಿತು. ಗಾಯಗೊಂಡು ನಿಲ್ಲಲಾಗದ ಕಾನಲಿಯವರನ್ನು ಮೇ 12ರಂದು ಕುರ್ಚಿಯಲ್ಲಿ ಕೂರಿಸಿ ಗುಂಡಿಟ್ಟು ಕೊಂದರು.

ಅಮೆರಿಕದ ಸರ್ಕಾರ ಲಾರ್ಕಿನ್‌ರನ್ನು ಅರಾಜಕತೆಯ ಆರೋಪದ ಮೇಲೆ 1919ರಲ್ಲಿ ಹಿಡಿದು 1920ರಲ್ಲಿ ಜೈಲಿಗೆ ಹಾಕಿತು. ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಲ್ ಸ್ಮಿತ್ 1923ರ ಜನವರಿಯಲ್ಲಿ ಕ್ಷಮಾದಾನ ನೀಡಿದರು. ಆ ಮೇಲೆ ಗಡೀಪಾರು. ಏಪ್ರಿಲ್ 30ರಂದು ಡಬ್ಲಿನ್ನಿಗೆ ಬಂದಾಗ ಜನ ಹಬ್ಬ ಮಾಡಿದರು.

ಆದರೆ ಎಂಟು ವರ್ಷದಲ್ಲಿ ಯೂನಿಯನ್ ಬೆಳೆದು ಬೇರೆಯಾಗಿತ್ತು. ವಿಲಿಯಂ ಓ'ಬ್ರಿಯನ್ ಎಂಬ ಲೆಕ್ಕಪತ್ರದಲ್ಲಿ ಗಟ್ಟಿಗರಾದ ಮುಖಂಡರು ಅದನ್ನು ನಡೆಸುತ್ತಿದ್ದರು. ನಾನು ಕಟ್ಟಿದ ಮನೆಯಲ್ಲಿ ನೀನು ಯಾರು ಎಂಬುದು ಲಾರ್ಕಿನ್ ವಾದ. ನೀನಿಲ್ಲದಾಗ ಮನೆ ಕಾಯ್ದವನು ನಾನು ಎಂಬುದು ಓ'ಬ್ರಿಯನ್ ವಾದ. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು, ಅದೇ ಕಷ್ಟ. 1924ರ ಮಾರ್ಚಿನಲ್ಲಿ ಲಾರ್ಕಿನ್‌ರನ್ನು ಅವರೇ ಹುಟ್ಟುಹಾಕಿದ ಯೂನಿಯನ್ನಿನಿಂದ ಹೊರಹಾಕಿದರು. ಜೂನ್‌ನಲ್ಲಿ ಅವರ ತಮ್ಮ ಪೀಟರ್ ಇನ್ನೊಂದು ಯೂನಿಯನ್ ತೆರೆದರು. ಡಬ್ಲಿನ್ನಿನ ಹೆಚ್ಚಿನ ಸದಸ್ಯರು ಅದಕ್ಕೆ ಹೋದರು. 400 ಮಾಲೀಕರು ಸೇರಿ ಒಡೆಯಲಾರದ್ದನ್ನು ಒಳಗಿನ ಇಬ್ಬರ ಹಟ ಒಡೆದುಹಾಕಿತು.

1927ರ ಚುನಾವಣೆಯಲ್ಲಿ ಡಬ್ಲಿನ್ ಜನ ಲಾರ್ಕಿನ್‌ರನ್ನು ಪಾರ್ಲಿಮೆಂಟಿಗೆ ಆರಿಸಿದರು. ಅಲ್ಲೂ ಕೂರಲಾಗಲಿಲ್ಲ. ಓ'ಬ್ರಿಯನ್ ಹಾಕಿದ್ದ ಮಾನನಷ್ಟ ಮೊಕದ್ದಮೆಯ ಹಣ ಕಟ್ಟದೆ ದಿವಾಳಿ ಎನಿಸಿಕೊಂಡಿದ್ದರು. ಹೀಗೆ ಎರಡು ಸಲ ಜನ ಕೊಟ್ಟ ಸ್ಥಾನ ಕೈತಪ್ಪಿತು. ಒಂದು ಸಲ ಲೆಕ್ಕದಿಂದ, ಒಂದು ಸಲ ಜಗಳದಿಂದ.

ಕೊನೆಯ ದಿನಗಳು

1930ರಲ್ಲಿ ಡಬ್ಲಿನ್ ನಗರಸಭೆಗೆ ಮತ್ತೆ ಆರಿಸಿ ಬಂದರು. ವಯಸ್ಸಾಗುತ್ತಾ ಬೆಂಕಿ ಸ್ವಲ್ಪ ತಣ್ಣಗಾಯಿತು, ಕೆಲಸ ಹೆಚ್ಚಾಯಿತು. ನಗರಸಭೆಯಲ್ಲಿ ಬಡವರ ಮನೆಗಳ ವಿಷಯಕ್ಕೆ ಗಮನ ಕೊಟ್ಟರು. 1912ರಲ್ಲಿ ಮಾಡಬೇಕೆಂದಿದ್ದ ಕೆಲಸಕ್ಕೆ ಹದಿನೆಂಟು ವರ್ಷ ತಡವಾಗಿ ಕೈಹಚ್ಚಿದಂತಾಯಿತು. 1937ರಲ್ಲಿ, ಮತ್ತೆ 1943ರಲ್ಲಿ ಪಾರ್ಲಿಮೆಂಟಿಗೂ ಗೆದ್ದರು. 1943ರಲ್ಲಿ ತಂದೆ, ಮಗ ಇಬ್ಬರೂ ಒಟ್ಟಿಗೆ ಗೆದ್ದದ್ದು ವಿಶೇಷ. ಲೇಬರ್ ಪಕ್ಷಕ್ಕೆ ಇವರನ್ನು ಮತ್ತೆ ಸೇರಿಸಿಕೊಂಡರೆಂದು ಓ'ಬ್ರಿಯನ್ ಕಡೆಯವರು 1944ರಲ್ಲಿ ಪಕ್ಷವನ್ನೇ ಎರಡು ಮಾಡಿದರು. ಹಳೆಯ ಗಾಯ ಇಪ್ಪತ್ತು ವರ್ಷವಾದರೂ ಮಾಯ್ದಿರಲಿಲ್ಲ.

1946ರ ಕೊನೆಯಲ್ಲಿ ತಮ್ಮ ಯೂನಿಯನ್ ಕಟ್ಟಡದ ರಿಪೇರಿ ನೋಡಿಕೊಳ್ಳುತ್ತಿದ್ದಾಗ ಕಾಲಡಿಯ ನೆಲ ಕುಸಿದು ಬಿದ್ದರು. ಚೇತರಿಸಿಕೊಳ್ಳಲಿಲ್ಲ. 1947ರ ಜನವರಿ 30ರಂದು ಕಣ್ಣು ಮುಚ್ಚಿದರು. ಹಿಮ ಸುರಿಯುವ ಚಳಿಯಲ್ಲಿ ಸಾವಿರಾರು ಜನ ಕೂಲಿಕಾರರು ಶವದ ಹಿಂದೆ ನಡೆದರು. ಆಸ್ತಿಯೆಂಬುದು ಏನೂ ಇರಲಿಲ್ಲ.

1979ರಲ್ಲಿ ಡಬ್ಲಿನ್ನಿನ ಅದೇ ದೊಡ್ಡ ಬೀದಿಯಲ್ಲಿ, ಎರಡೂ ಕೈ ಮೇಲೆತ್ತಿ ಜನರನ್ನು ಎಬ್ಬಿಸುತ್ತಿರುವ ಅವರ ಪ್ರತಿಮೆ ನಿಲ್ಲಿಸಿದರು. ಒಡೆದ ಎರಡು ಯೂನಿಯನ್‌ಗಳು ಮತ್ತೆ ಒಂದಾದದ್ದು 1990ರಲ್ಲಿ. ಒಡೆಯಲು ಕೆಲವು ತಿಂಗಳು ಸಾಕಾಯಿತು, ಕೂಡಿಸಲು ಅರವತ್ತಾರು ವರ್ಷ ಹಿಡಿಯಿತು. ಅಷ್ಟರಲ್ಲಿ ಜಗಳವಾಡಿದ ಇಬ್ಬರೂ ಮಣ್ಣಾಗಿದ್ದರು.

ನಮಗೆ ಪಾಠ

ಸದಸ್ಯ ಬಾಂಧವರೇ, ನಮ್ಮೂರಿನಲ್ಲೂ ಕೆಲವು ವರ್ಷಗಳ ಹಿಂದೆ ಎರಡು ಕಡೆ ಹಾಲು ಅಳೆಯುವ ಮಾತು ಎದ್ದಿದ್ದು ನಿಮಗೆಲ್ಲ ನೆನಪಿದೆ. ಆಗ ಹಟ ಹಿಡಿದವರಲ್ಲಿ ನಾವೂ ಒಬ್ಬರು. ಒಂದು ಕಡೆ ಲೆಕ್ಕ ತೋರಿಸಿ ಎನ್ನುವವರು, ಇನ್ನೊಂದು ಕಡೆ ಕಟ್ಟಿದವರು ನಾವು ಎನ್ನುವವರು. ಹಿರಿಯರು ಮಹಾಸಭೆಯಲ್ಲಿ ಪುಸ್ತಕ ತೆಗೆಸಿ, ಸಾಲು ಸಾಲು ಓದಿಸಿ, ಎರಡೂ ಕಡೆಯವರನ್ನು ಕೂರಿಸಿ ಸರಿಮಾಡಿದರು. ಲಾರ್ಕಿನ್ ಚರಿತ್ರೆ ಓದುವಾಗ ನಮಗೆ ಆ ರಾತ್ರಿಯೇ ಕಣ್ಣ ಮುಂದೆ ಬಂತು. ಅಂದು ಆ ಹಿರಿಯರು ಇಲ್ಲದಿದ್ದರೆ ಈ ಬೆಳ್ಳಿ ಹಬ್ಬ ಎಲ್ಲಿರುತ್ತಿತ್ತು?

ಲಾರ್ಕಿನ್‌ರಂಥ ಧೈರ್ಯಶಾಲಿ ಇಲ್ಲದಿದ್ದರೆ ಸಂಘ ಹುಟ್ಟುವುದಿಲ್ಲ. ಓ'ಬ್ರಿಯನ್‌ರಂಥ ಲೆಕ್ಕದವರು ಇಲ್ಲದಿದ್ದರೆ ಸಂಘ ಉಳಿಯುವುದಿಲ್ಲ. ಇಬ್ಬರೂ ಒಂದೇ ಜಮಖಾನೆಯ ಮೇಲೆ ಕೂರುವಂತೆ ನೋಡಿಕೊಳ್ಳಬೇಕಾದವರು ಸದಸ್ಯರು. ಚಿನ್ನದ ಹಬ್ಬಕ್ಕೆ ಇನ್ನೂ ಇಪ್ಪತ್ತೈದು ವರ್ಷವಿದೆ. ಆಗ ನಾವು ಡೈರೆಕ್ಟರಾಗಿ ಇರುವುದಿಲ್ಲ, ಇರಲೂಬಾರದು. ಆದರೆ ಬೆಳಿಗ್ಗೆ, ಸಂಜೆ ನಮ್ಮ ಮಕ್ಕಳು ಕ್ಯಾನು ಹಿಡಿದು ಒಂದೇ ಬಾಗಿಲಿಗೆ ಬರುವಂತಿರಲಿ ಎಂದು ಹಾರೈಸಿ ನಮ್ಮ ಲೇಖನ ಮುಗಿಸುತ್ತೇವೆ.

ಜೈ ಸಹಕಾರ.